ಹೊನ್ನೂರಸ್ವಾಮಿ ಮಾಡದ ಪಾಠ

ಬೆಳಿಗ್ಗೆ ಹತ್ತೂಕಾಲಿಗೆ ಹೆಡ್‌ಮಾಸ್ಟರ ಫೋನಿಗೆ ಬಂದ ಸುತ್ತೋಲೆ ಮೂರೇ ಸಾಲಿನದು. ಒಂಬತ್ತನೇ ತರಗತಿಯ ಮಕ್ಕಳಿಗೆ ಇವತ್ತೇ ‘ಹದಿಹರೆಯದ ಶಿಕ್ಷಣ’ದ ಪಾಠ ಮಾಡಬೇಕು. ಮಾಡಿದ್ದಕ್ಕೆ ಫೋಟೋ ಕಳಿಸಬೇಕು. ಮಧ್ಯಾಹ್ನ ಮೂರಕ್ಕೆ ಆರೋಗ್ಯ ಇಲಾಖೆಯಿಂದ ಒಬ್ಬರು ಬಂದು ನೋಡಿಕೊಂಡು ಹೋಗುತ್ತಾರೆ.

ಹೆಡ್‌ಮಾಸ್ಟರ್ ಗುರುಸಂಗಪ್ಪನವರು ಅದನ್ನು ಎರಡು ಸಲ ಓದಿದರು. ಮೂರನೇ ಸಲ ಓದುವ ಹೊತ್ತಿಗೆ ಅವರ ಮುಖ ಬಿಸಿಲಿಗೆ ಹಾಕಿದ ಮಜ್ಜಿಗೆ ಮೆಣಸಿನಕಾಯಿಯಂತೆ ಸುರುಟಿತ್ತು.

“ಹೊನ್ನೂರಸ್ವಾಮಿ, ನೀವು ಸೈನ್ಸ್ ಮೇಷ್ಟ್ರು. ಇದು ನಿಮ್ಮ ಕೆಲಸ.”

“ಸರ, ನನಗಿನ್ನೂ ಮದುವೀನ ಆಗಿಲ್ರಿ.”

“ಮದುವಿ ಮಾಡ್ಕೋರಿ ಅಂತ ಯಾರು ಹೇಳ್ಯಾರ? ಪುಸ್ತಕದಾಗ ಇದ್ದದ್ದು ಹೇಳ್ರಿ. ಅದೂ ಆಗಲ್ಲಂದ್ರ ‘ಎಲ್ಲಾರೂ ಸಂಯಮದಿಂದ ಇರ್ರಿ’ ಅಂತ ಒಂದು ಮಾತು ಹೇಳಿ ಹೊರಗ ಬಂದುಬಿಡ್ರಿ. ನನಗ ಕೂಡ್ಲಿಗಿ ಆಫೀಸಿನಾಗ ಅರ್ಜೆಂಟ್ ಕೆಲಸ ಐತಿ.”

ಕೆಲಸ ಏನೆಂದು ಕೇಳುವಷ್ಟರಲ್ಲಿ ಅವರ ಬೈಕು ಗೇಟು ದಾಟಿತ್ತು.

ಕಾನಹೊಸಹಳ್ಳಿಯ ಹೆದ್ದಾರಿಯಿಂದ ಆರು ಕಿಲೋಮೀಟರು ಒಳಗಿರುವ ಆ ಸರ್ಕಾರಿ ಪ್ರೌಢಶಾಲೆಯಲ್ಲಿ ಹೊನ್ನೂರಸ್ವಾಮಿಗೆ ಅದು ನಾಲ್ಕನೇ ವರ್ಷ. ಗುರುತ್ವಾಕರ್ಷಣೆಯಿಂದ ಹಿಡಿದು ಗೊಬ್ಬರದವರೆಗೆ ಯಾವುದನ್ನಾದರೂ ನಿರಾಳವಾಗಿ ಕಲಿಸುತ್ತಿದ್ದ. ಆದರೆ ಇವತ್ತಿನ ಪಾಠ ಬೇರೆ, ಅದಕ್ಕಿಂತ ಹೆಚ್ಚಾಗಿ ಇವತ್ತಿನ ದಿನವೇ ಬೇರೆ. ಸಂಜೆ ಐದೂವರೆಗೆ ಅವನು ಇದೇ ಊರಿನ ಕೊಟ್ರಬಸಪ್ಪನವರ ಮನೆಗೆ ಹೆಣ್ಣು ನೋಡಲು ಹೋಗಬೇಕಿತ್ತು. ಮೂವತ್ತೆರಡನೇ ವಯಸ್ಸಿಗೆ ಕೂಡಿಬಂದ ಏಳನೇ ಸಂಬಂಧ ಅದು. ಹಿಂದಿನ ಆರೂ ಒಂದಲ್ಲ ಒಂದು ನೆಪಕ್ಕೆ ಮುರಿದುಬಿದ್ದಿದ್ದವು.

ಕೊಟ್ರಬಸಪ್ಪನವರು ಸರ್ಕಾರಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವರು. ಟಿಕೆಟ್ ತೆಗೆದುಕೊಳ್ಳದವರನ್ನು ಬಟಾಬಯಲಿನಲ್ಲಿ ಇಳಿಸಿ ಹೋಗುವುದಕ್ಕೆ ಹೆಸರಾದವರು. ಮಗನ ಮಗಳು ಸಮತಾ ಒಂಬತ್ತನೇ ತರಗತಿಯಲ್ಲಿದ್ದುದರಿಂದ ಶಾಲಾ ಸಮಿತಿಯ ಅಧ್ಯಕ್ಷರೂ ಅವರೇ. ಸಂಜೆ ಮಗಳು ಕೋಮಲಾಳನ್ನು ಕೇಳಲು ಹೋಗುವವನು ಅದೇ ದಿನ ಅವರ ಮೊಮ್ಮಗಳಿಗೆ ಈ ಪಾಠ ಮಾಡುವುದೆಂದರೆ!

ಮೊದಲು ಕನ್ನಡದ ಶಾಂತಕುಮಾರಿ ಟೀಚರ್ ಹತ್ತಿರ ಹೋದ.

“ಅಕ್ಕಾರೆ, ಹೆಣ್ಮಕ್ಕಳು ಅದಾರ. ನೀವು ಹೇಳಿದ್ರ ಛಂದ ಇರ್ತೈತಿ.”

“ಗಂಡ್ಹುಡುಗ್ರೂ ಅದಾರಲ್ರಿ. ನೀವು ಹೇಳಿದ್ರನೂ ಛಂದ ಇರ್ತೈತಿ,” ಎಂದು ಅವರು ನೋಟುಪುಸ್ತಕ ತಿದ್ದುವುದನ್ನು ಮುಂದುವರಿಸಿದರು.

ಪಿ.ಟಿ. ಮೇಷ್ಟ್ರು ಅಂಜಿನೇಯಲು ಮಾತ್ರ ಹೆಗಲ ಮೇಲೆ ಕೈ ಹಾಕಿದರು. “ಇದಕ್ಯಾಕ ಇಷ್ಟು ತಲಿ ಕೆಡಿಸ್ಕೊಂತೀರಿ? ಬೋರ್ಡಿನ ಮ್ಯಾಲ ಹೆಡ್ಡಿಂಗ್ ಬರೀರಿ. ಮುಂದ ನಿಂದರ್ರಿ. ನಾನು ಫೋಟೋ ಹೊಡೀತೀನಿ. ಆಮ್ಯಾಲ ಹೂವು, ದುಂಬಿ, ಪರಾಗಸ್ಪರ್ಶ ಅಂತ ಏನಾರ ಹೇಳಿ ಮುಗಿಸ್ರಿ. ಮೂರಕ್ಕ ಬರೋರು ಟೀ ಕುಡದು ಸೈನ್ ಮಾಡಿ ಹೋಗ್ತಾರ.”

ಹೊನ್ನೂರಸ್ವಾಮಿಗೆ ಹೋದ ಜೀವ ಬಂತು. ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ‘ಹದಿಹರೆಯದ ಶಿಕ್ಷಣ’ ಎಂದು ಬರೆದ. ನಲವತ್ತು ಮಕ್ಕಳು ಉಸಿರು ಬಿಗಿಹಿಡಿದು ಕೂತರು. ಅಂಜಿನೇಯಲು ಅವನ ಫೋನಿನಲ್ಲೇ ಫೋಟೋ ಹೊಡೆದರು. ಹೊನ್ನೂರಸ್ವಾಮಿ ಕೂಡಲೇ ಹೆಡ್ಡಿಂಗ್ ಒರೆಸಿ, ದಾಸವಾಳದ ಚಿತ್ರ ಬರೆದು, ದುಂಬಿಯನ್ನು ಕರೆತಂದ. ಮಕ್ಕಳ ಮುಖ ಸಪ್ಪಗಾಯಿತು. ಸಮತಾ ಎದ್ದು ನಿಂತು, “ಸರ, ಇದನ್ನ ಏಳನೇ ಕ್ಲಾಸಿನಾಗ ಮಾಡ್ಯಾರ್ರಿ” ಎಂದಳು. “ಮತ್ತೊಂದ್ಸಲ ಮಾಡಿದ್ರ ಗಟ್ಟಿ ಆಗ್ತೈತಿ, ಕೂಡು” ಎಂದು ಕೂರಿಸಿದ.

ಫೋಟೋವನ್ನು ಶಿಕ್ಷಕರ ವಾಟ್ಸಾಪ್ ಗುಂಪಿಗೆ ಕಳಿಸಿ ಹಣೆ ಒರೆಸಿಕೊಂಡ. ಆಮೇಲೆ ನೋಡಿದರೆ ಹೋಗಿದ್ದು ಪಾಲಕರ ಗುಂಪಿಗೆ.

ಗಾಬರಿಯಲ್ಲಿ ಅಳಿಸಲು ಹೋದ. ‘ಎಲ್ಲರಿಗೂ ಅಳಿಸು’ ಎನ್ನುವಲ್ಲಿ ಒತ್ತುವ ಬದಲು ‘ನನಗೆ ಮಾತ್ರ ಅಳಿಸು’ ಎನ್ನುವಲ್ಲಿ ಒತ್ತಿದ. ಫೋಟೋ ಅವನ ಫೋನಿನಲ್ಲಿ ಮಾಯವಾಯಿತು. ಊರಿನ ಮಿಕ್ಕ ಎಲ್ಲರ ಫೋನಿನಲ್ಲೂ ಉಳಿಯಿತು.

ಐದೇ ನಿಮಿಷಕ್ಕೆ ಫೋನು ಹೊಡೆದುಕೊಂಡಿತು. ಕೊಟ್ರಬಸಪ್ಪನವರು.

“ಮೇಷ್ಟ್ರೆ, ಏನಿದು ಫೋಟೋ?”

“ಅದು... ಸರ್ಕಾರದ್ದು...”

“ಅಲ್ಲೇ ಇರ್ರಿ. ಎಲ್ಲೂ ಹೋಗಬ್ಯಾಡ್ರಿ. ನಾನು ಮಂದಿ ಕರಕೊಂಡು ಬರ್ತೀನಿ.”

ಮಧ್ಯಾಹ್ನ ಹೊನ್ನೂರಸ್ವಾಮಿ ಬಿಸಿಯೂಟದ ತಟ್ಟೆ ಮುಟ್ಟಲಿಲ್ಲ. ಕಿಟಕಿಯಿಂದ ನೋಡುತ್ತಲೇ ಇದ್ದ. ಎರಡೂವರೆಗೆ ರಸ್ತೆಯ ತಿರುವಿನಲ್ಲಿ ಮೊದಲು ಕೊಟ್ರಬಸಪ್ಪನವರ ಬಿಳಿ ಟವೆಲ್ಲು ಕಂಡಿತು. ಹಿಂದೆ ಕಿರಾಣಿ ಅಂಗಡಿಯ ಮರುಳಪ್ಪ, ಅಂಗಡಿಗೆ ಬೀಗ ಹಾಕಿ ಬಂದಿದ್ದ. ಅವರ ಹಿಂದೆ ಇಪ್ಪತ್ತು ಮೂವತ್ತು ಜನ. ಹೆಂಗಸರೂ ಇದ್ದರು. ಒಬ್ಬಾಕೆಯ ಕೈಯಲ್ಲಿ ಇನ್ನೂ ಕುಡುಗೋಲಿತ್ತು. ಹೊಲದಿಂದ ನೇರ ಬಂದಿದ್ದಳೋ, ಬೇಕೆಂತಲೇ ತಂದಿದ್ದಳೋ ತಿಳಿಯಲಿಲ್ಲ.

ಅಂಜಿನೇಯಲು ಶಿಳ್ಳೆ ಕೊರಳಿಗೆ ಹಾಕಿಕೊಂಡು, “ನಾನು ಖೋಖೋ ಕಂಬ ನೋಡಿ ಬರ್ತೀನಿ” ಎಂದು ಮೈದಾನದ ಆ ತುದಿಗೆ ಹೋಗಿಬಿಟ್ಟರು.

ಜನ ವರಾಂಡ ಹತ್ತುವ ಮೊದಲೇ ಹೊನ್ನೂರಸ್ವಾಮಿ ಹೊರಗೆ ಬಂದು ಕೈ ಮುಗಿದ. “ನಿಮ್ಮಾಣಿಗೂ ಒಂದಕ್ಷರ ಹೇಳಿಲ್ರಿ. ಬರೀ ಫೋಟೋಕ್ಕ ಹೆಡ್ಡಿಂಗ್ ಬರದಿದ್ದೆ. ದಾಸವಾಳದ ಹೂವಿನ ಪಾಠ ಮಾಡೀನಿ. ಬೇಕಾದ್ರ ಮಕ್ಕಳನ್ನ ಕೇಳ್ರಿ.”

ಜನ ಮುಖ ಮುಖ ನೋಡಿಕೊಂಡರು. ಯಾರೂ ನಂಬಲಿಲ್ಲವೆಂದು ಅವನಿಗೆ ಅನ್ನಿಸಿತು. ಒಳಗೆ ಓಡಿ, ಬಿಳಿ ಹಾಳೆ ತಂದು, ಅವರ ಕಣ್ಣೆದುರೇ ಬರೆದ: ‘ನಾನು ಸದರಿ ಪಾಠವನ್ನು ಮಾಡಿರುವುದಿಲ್ಲ. ಮುಂದೆಯೂ ಮಾಡುವುದಿಲ್ಲ.’ ಕೆಳಗೆ ಸಹಿ ಹಾಕಿ, ಗಡಿಬಿಡಿಯಲ್ಲಿ ಶಾಲೆಯ ಸೀಲನ್ನೂ ಒತ್ತಿ, ಎರಡೂ ಕೈಯಿಂದ ಕೊಟ್ರಬಸಪ್ಪನವರಿಗೆ ಕೊಟ್ಟ.

ಅವರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು.

“ಅಂದ್ರ ಪಾಠ ಆಗಿಲ್ಲ?”

“ಇಲ್ರಿ! ಖಂಡಿತ ಇಲ್ರಿ!”

“ಮತ್ತ ನಾವ್ಯಾಕ ಬಂದ್ವಿ?” ಎಂದಳು ಕುಡುಗೋಲಿನಾಕೆ. ಅವಳ ಹೆಸರು ಗುರುಬಸಮ್ಮ. “ಸರ್ಕಾರದೋರು ಕಡಿಗೂ ಇದನ್ನ ಹೇಳಿಕೊಡಾಕ ಹತ್ಯಾರ ಅಂತ ಫೋಟೋ ನೋಡಿ, ಅರ್ಧ ಸಜ್ಜಿ ಕೊಯ್ಯೋದು ಬಿಟ್ಟು ಓಡಿಬಂದೀನಿ. ಹೋದ ತಿಂಗಳ ನನ್ನ ಮಗಳು ಹೊಟ್ಟಿನೋವು ಅಂತ ಎರಡು ದಿನ ದನದ ಕೊಟ್ಟಿಗ್ಯಾಗ ಮುಸುಕು ಹಾಕ್ಕೊಂಡು ಅತ್ತಾಳ. ತನಗೇನೋ ದೊಡ್ಡ ಜಡ್ಡು ಬಂದೈತಿ, ಸಾಯ್ತೀನಿ ಅನ್ಕೊಂಡಿದ್ಲು. ನಾನೂ ಆ ವಯಸ್ಸಿನಾಗ ಹಂಗ ಅತ್ತಾಕಿ. ಆದ್ರ ಮಗಳಿಗೆ ಮುಂಚೇನ ಹೇಳಾಕ ನನ್ನ ಬಾಯಿ ಬರ್ಲಿಲ್ಲ.”

ಮರುಳಪ್ಪ ತಲೆ ತಗ್ಗಿಸಿ, “ನಮ್ಮ ಹುಡುಗ ದಿನಾ ಫೋನಿನಾಗ ಏನೇನೋ ನೋಡ್ತಾನ. ಬೈದು ಫೋನ್ ಕಸಗೊಂಡೀನಿ. ಯಾಕ ಬೈದೆ ಅಂತ ಹೇಳಾಕ ಮಾತ ಸಿಗವಲ್ದು” ಎಂದ.

ಕೊಟ್ರಬಸಪ್ಪನವರ ದನಿ ಮೊದಲ ಸಲ ತಗ್ಗಿತು. “ನನ್ನ ಹೆಂಡತಿ ತೀರಿಕೊಂಡಾಗ ಮಗಳಿಗೆ ಹನ್ನೆರಡು ವರ್ಷ. ಮೂವತ್ತು ವರ್ಷ ಬಸ್ಸಿನ ತುಂಬ ಕೇಳೋ ಹಂಗ ಕೂಗಿದಾವ ನಾನು. ಆಕಿಗೆ ಹೇಳಬೇಕಾದ ಒಂದು ಮಾತು ಹೇಳಾಕ ಆಗಲಿಲ್ಲ. ಓಣಿಯ ಬಾಗಲಾ ಬಾಗಲಾ ಅಡ್ಡಾಡೀನಿ, ಯಾರಾರ ಹೇಳ್ರವ್ವಾ ಅಂತ. ಈಗ ಮೊಮ್ಮಗಳಿಗಾರ ಕಲ್ತ ಮೇಷ್ಟ್ರು ಹೇಳ್ತಾರ, ನಾವೂ ಹಿಂದ ಕುಂತು ಕೇಳೋಣು ಅಂತ ಮಂದಿ ಕರಕೊಂಡು ಬಂದೆ.”

ಹೊನ್ನೂರಸ್ವಾಮಿಗೆ ಅವರ ಕೈಯಲ್ಲಿದ್ದ ಹಾಳೆ ಕಸಿದುಕೊಂಡು ನುಂಗಿಬಿಡಬೇಕೆನಿಸಿತು. “ಕೊಡ್ರಿ ಯಜಮಾನ್ರ, ಅದನ್ನ ಹರದು ಒಗದು ಈಗ್ಲೇ ಪಾಠ ಶುರು ಮಾಡ್ತೀನಿ” ಎಂದು ಕೈ ಚಾಚಿದ.

ಅಷ್ಟರಲ್ಲಿ ಗೇಟಿನೊಳಗೆ ಸ್ಕೂಟಿ ಬಂತು. ಹೆಲ್ಮೆಟ್ ತೆಗೆದ ಹೆಣ್ಣುಮಗಳು ನೇರ ಬಂದು, “ಅಪ್ಪಾ, ನೀನೇನು ಇಲ್ಲಿ?” ಎಂದಳು.

ಮದುವೆ ಮಾಡಿಸುವವರು ಹೊನ್ನೂರಸ್ವಾಮಿಗೆ ಕೊಟ್ಟಿದ್ದು ಅಂಗುಷ್ಠದಷ್ಟು ಫೋಟೋ, ಹೇಳಿದ್ದು ‘ಹುಡುಗಿಗೆ ಹಗರಿಬೊಮ್ಮನಹಳ್ಳಿಯಾಗ ಸರ್ಕಾರಿ ನೌಕರಿ’ ಎಂಬ ಒಂದೇ ಮಾತು. ಆ ನೌಕರಿ ಆಸ್ಪತ್ರೆಯಲ್ಲಿ ಹದಿಹರೆಯದ ಮಕ್ಕಳಿಗೆ ತಿಳಿಹೇಳುವುದು ಎಂದು ಯಾರೂ ಹೇಳಿರಲಿಲ್ಲ. ಅವಳ ಅಪ್ಪನಿಗೂ ಅದು ‘ಆಸ್ಪತ್ರೆ ಕೆಲಸ’ ಎಂದಷ್ಟೇ ಗೊತ್ತಿತ್ತು. ಇವತ್ತಿನ ಪಾಠ ನೋಡಲು ಆರೋಗ್ಯ ಇಲಾಖೆ ಕಳಿಸಿದ್ದು ಕೋಮಲಾಳನ್ನೇ.

ಕೊಟ್ರಬಸಪ್ಪನವರು ಹಾಳೆಯನ್ನು ಮಗಳಿಗೆ ಕೊಟ್ಟರು. ಅವಳು ಓದಿದಳು. ಸೀಲನ್ನೂ ನೋಡಿದಳು. ಮಡಚಿ ತನ್ನ ಫೈಲಿನಲ್ಲಿಟ್ಟಳು.

“ಸರ, ನೀವೂ ಒಳಗ ಬರ್ರಿ. ಹಿಂದಿನ ಬೆಂಚಿನಾಗ ಜಾಗ ಐತಿ.”

ಮುಕ್ಕಾಲು ಗಂಟೆ ಕೋಮಲಾ ಮಾತಾಡಿದಳು. ಮೈ ಯಾಕೆ ಬದಲಾಗುತ್ತದೆ, ಮುಟ್ಟು ಎಂದರೇನು, ಗಂಡುಹುಡುಗರ ದನಿ ಯಾಕೆ ಒಡೆಯುತ್ತದೆ, ಯಾರಾದರೂ ಮೈ ಮುಟ್ಟಲು ಬಂದರೆ ಬೇಡ ಎಂದು ಹೇಗೆ ಹೇಳಬೇಕು, ಯಾರಿಗೆ ತಿಳಿಸಬೇಕು ಎಲ್ಲವನ್ನೂ ಜ್ವರದ ಮಾತ್ರೆ ಯಾವಾಗ ನುಂಗಬೇಕೆಂದು ಹೇಳುವಷ್ಟೇ ಸಲೀಸಾಗಿ ಹೇಳಿದಳು. “ಸಂಯಮ ಇರಲಿ ಅಂತ ಎಲ್ಲಾರೂ ಹೇಳ್ತಾರ. ಇರಲಿ, ಒಳ್ಳೇದ. ಆದ್ರ ಯಾವುದಕ್ಕ ಸಂಯಮ, ಯಾಕ ಸಂಯಮ ಅಂತ ತಿಳೀದ ಹೋದ್ರ ಅದು ಸಂಯಮ ಅಲ್ಲ, ಬರೀ ಹೆದರಿಕಿ,” ಎಂದಳು. ಮೊದಮೊದಲು ಕಿಸಕ್ಕೆಂದ ಮಕ್ಕಳು ಆಮೇಲೆ ಪ್ರಶ್ನೆ ಕೇಳಿದರು. ಗುರುಬಸಮ್ಮ ಕುಡುಗೋಲನ್ನು ಬೆಂಚಿನ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತಿದ್ದ ಹೊನ್ನೂರಸ್ವಾಮಿಗೆ ನಾಚಿಕೆಯಾದದ್ದು ಪಾಠಕ್ಕಲ್ಲ, ತನ್ನ ಬಗ್ಗೆ.

ಪಾಠ ಮುಗಿದ ಮೇಲೆ ಧೈರ್ಯ ಮಾಡಿ ಅವಳ ಸ್ಕೂಟಿಯ ಹತ್ತಿರ ಹೋದ.

“ತಪ್ಪಾತ್ರಿ. ಹೆದರಿಬಿಟ್ಟೆ. ಸಂಜೀಕ ನಾನು... ಮನಿಗೆ ಬರೋದು...”

“ಸಂಜೀಕ ಬ್ಯಾಡ್ರಿ,” ಎಂದಳು ಕೋಮಲಾ. ದನಿಯಲ್ಲಿ ಸಿಟ್ಟಿರಲಿಲ್ಲ. “ಈ ಹಾಳಿನ ಮ್ಯಾಲಿನವರಿಗೆ ಕಳಿಸಿದ್ರ ನಿಮಗ ನೋಟಿಸ್ ಬರ್ತೈತಿ. ಅದರ ಬದ್ಲಿ ಪಾಠ ಶುರು ಮಾಡೂ ಮುಂಚೇನ ಆಫೀಸಿಗೆ ನಿಮ್ಮ ಹೆಸರು ಕಳಿಸಿ ಒಪ್ಪಿಸೀನಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ತಾಲ್ಲೂಕಿನ ಸರ್ಕಾರಿ ಸಾಲಿಗಳಾಗ ಈ ಪಾಠ ನೀವ ಮಾಡಬೇಕು. ಎಲ್ಲಾ ಮುಗಿಸಿ ಬರ್ರಿ. ಮನಿ ಇಲ್ಲೇ ಇರ್ತೈತಿ.”

“ಐದು ತಾಲ್ಲೂಕ? ಯಾವಾಗಿಂದ್ರಿ?”

“ನಾಳಿಯಿಂದ. ಮೊದಲು ಉಜ್ಜಿನಿ ಕಡೆ.”

“ಉಜ್ಜಿನಿ ಬಿಟ್ಟು ಬ್ಯಾರೆ ಕಡಿಯಿಂದ ಶುರು ಮಾಡ್ಲೇನ್ರಿ?” ಎಂದ ಹೊನ್ನೂರಸ್ವಾಮಿ. ಅದು ಅವನ ಹುಟ್ಟೂರು. ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದವಳು ಅವನ ಹೆತ್ತ ತಾಯಿ ಪಕ್ಕೀರಮ್ಮ. ಕೋಮಲಾ ಉತ್ತರಿಸುವ ಮೊದಲೇ ಅವನ ಜೇಬಿನಲ್ಲಿ ಫೋನು ಅಲುಗಿತು. ತಾಯಿಯೇ.

“ಲೇ ಹೊನ್ನೂರಾ, ನಾಳಿ ನಮ್ಮ ಸಾಲಿಗೆ ಅದೇನೋ ಹೊಸಾ ಪಾಠ ಮಾಡಾಕ ನೀನ ಬರಾಕ ಹತ್ತೀಯಂತಲ್ಲೋ! ಈಗ ನಮ್ಮ ಹೆಡ್ಮಾಸ್ಟ್ರು ಹೇಳಿದ್ರು. ಅಡಿಗಿ ಲಗೂನ ಮುಗಿಸಿ, ನಿಮ್ಮ ಚಿಗವ್ವ, ಅತ್ತಿ, ಓಣಿ ಮಂದಿನೆಲ್ಲ ಕರಕೊಂಡು ಮುಂದಿನ ಸಾಲಿನಾಗ ಕುಂದರ್ತೀನಿ. ಒಂದೂ ಬಿಡಬ್ಯಾಡ, ಎಲ್ಲಾ ಬಿಡಿಸಿ ಹೇಳು. ಜ್ವಾರಾಗಿ ಹೇಳಪ್ಪಾ, ನನಗ ಕಿವಿ ಸ್ವಲ್ಪ ಮಂದ.”