ಕಿಟಕಿ ಇಲ್ಲದ ಕ್ಯಾಬಿನ್ನು

ಅಳತೆ ಸರಿಯಾಗಿದ್ದರೆ ಈ ಪ್ರಪಂಚದಲ್ಲಿ ಯಾವ ಅನಾಹುತವೂ ಆಗುವುದಿಲ್ಲ ಎಂಬುದು ನನ್ನ ಅಚಲವಾದ ನಂಬಿಕೆ. ಕಳೆದ ಭಾನುವಾರ ಮಧ್ಯಾಹ್ನ ಮೂರು ಗಂಟೆಯವರೆಗೆ ಅಚಲವಾಗಿತ್ತು ಎಂದು ತಿದ್ದಿ ಓದಿಕೊಳ್ಳಿ!

ನಾನು ನೀರೆತ್ತುವ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಸೂಪರ್‌ವೈಸರ್. ಪಂಪುಗಳಿಗೆ ಮರದ ಪೆಟ್ಟಿಗೆ ಮಾಡಿಸಿ, ಅವು ಅಲುಗಾಡದಂತೆ ಕೂರಿಸಿ, ಬಾಗಿಲು ಜಡಿದು ಕಳಿಸುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷಗಳಲ್ಲಿ ನನ್ನ ಪೆಟ್ಟಿಗೆಯೊಂದು ದಾರಿಯಲ್ಲಿ ಬಿಚ್ಚಿಕೊಂಡಿತು ಎಂಬ ದೂರು ಬಂದಿಲ್ಲ. ನಮ್ಮಲ್ಲಿ ಒಂದು ಪದ್ಧತಿ ಇದೆ. ಹೊಸ ನಮೂನೆಯ ಪಂಪು ಬಂದರೆ ಮೊದಲು ಒಂದು ಮಾದರಿ ಪೆಟ್ಟಿಗೆ ಮಾಡಿ, ಅದರಲ್ಲಿ ಪಂಪನ್ನು ಒಂದು ದಿನ ಇಟ್ಟು, ಕುಲುಕಿ, ಉರುಳಿಸಿ ನೋಡಿದ ಮೇಲೆಯೇ ಮುಂದಿನ ಮಾತು.

ಇಂಥ ನನಗೆ, ಹೆಂಡತಿಯನ್ನು ಹಡಗಿನಲ್ಲಿ ದ್ವೀಪಗಳಿಗೆ ಕರೆದುಕೊಂಡು ಹೋಗುವುದು ಯಾವ ಮಹಾ ಕೆಲಸ?

ಹಾಗೆ ನೋಡಿದರೆ ಇದು ಹಳೆಯ ಬಾಕಿ. ಮದುವೆಯಾದ ಹೊಸದರಲ್ಲಿ ಅವಳು, "ನಾನು ಇದುವರೆಗೂ ಸಮುದ್ರನೇ ನೋಡಿಲ್ಲ ಗೊತ್ತಾ?" ಎಂದಿದ್ದಳು. ನಾನು ಎದೆ ತಟ್ಟಿಕೊಂಡು, "ಬರೀ ನೋಡೋದಲ್ಲ, ಅದರ ಮೇಲೆ ಹಡಗಲ್ಲಿ ಮೆರೆಸ್ತೀನಿ!" ಎಂದಿದ್ದೆ. ಆಮೇಲೆ ಇಪ್ಪತ್ತು ವರ್ಷ ಕಳೆಯಿತು. ಮೆರೆಸಬಾರದು ಅಂತೇನಿಲ್ಲ. ಪ್ಲಾನು ಪೂರ್ತಿಯಾಗಿರಲಿಲ್ಲ, ಅಷ್ಟೆ.

ಈ ವರ್ಷ ಹಡಗಿನ ಕಂಪನಿಯೊಂದು ಏಳು ದಿನ, ಐದು ದ್ವೀಪ, ಅರ್ಧ ಬೆಲೆ ಎಂದು ಜಾಹೀರಾತು ಕೊಟ್ಟಿತು. ಭಾನುವಾರ ಸಂಜೆ ಆರು ಗಂಟೆಯೊಳಗೆ ಮುಂಗಡ ಕಟ್ಟಬೇಕು. ಸೋಮವಾರ ರಾತ್ರಿ ನಾನು ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿದೆ. ಹೆಂಡತಿ, ಹದಿನಾರರ ಮಗಳು ಮತ್ತು ನಮ್ಮೊಂದಿಗೇ ಇರುವ ಅತ್ತೆ ಸುತ್ತ ಕೂತರು.

"ಕಿಟಕಿ ಇರೋ ಕ್ಯಾಬಿನ್ನು, ಕಿಟಕಿ ಇಲ್ಲದ ಕ್ಯಾಬಿನ್ನು ಅಂತ ಎರಡು ಥರ ಇದೆ. ಇಲ್ಲದ್ದು ಅಗ್ಗ. ನಾಲ್ಕು ಜನಕ್ಕೆ ಒಂದು ಸಾಕು," ಎಂದೆ.

"ಸಮುದ್ರ ನೋಡೋಕೆ ಹೋಗಿ ಕಿಟಕಿ ಇಲ್ಲದ ರೂಮಲ್ಲಿ ಕೂರೋದಾ?" ಎಂದಳು ಹೆಂಡತಿ.

"ಸಮುದ್ರ ಹೊರಗಡೆ ಇರುತ್ತೆ ಕಣೆ. ಹೊರಗೆ ಬಂದು ನೋಡು, ಪುಕ್ಕಟೆ!"

ಇಂಟರ್ನೆಟ್ಟಿಗೆ ಪ್ರತ್ಯೇಕ ಹಣ ಎಂದಿತ್ತು. ಹೊಡೆದು ಹಾಕಿದೆ. ಹಡಗಿನವರು ತೆಗೆಯುವ ಫೋಟೋ, ಹೊಡೆದು ಹಾಕಿದೆ. ವಾಂತಿ ಮಾತ್ರೆ ತಲೆಗೆರಡರಂತೆ ಎಂಟು ಎಂದು ಮಗಳು ಬರೆದಿದ್ದಳು. ನಾಲ್ವರಿಗೂ ಒಟ್ಟಿಗೇ ವಾಂತಿ ಬರುವ ಸಂಭವ ಕಡಿಮೆ ಎಂದು ವಾದಿಸಿ ಮೂರಕ್ಕೆ ಇಳಿಸಿದೆ. ಕೊನೆಗೆ ಒಂದು ಭಾರೀ ಮೊತ್ತ ಕಣ್ಣಿಗೆ ಬಿತ್ತು. ಹಡಗಿನಿಂದ ದೋಣಿಯಲ್ಲಿ ದ್ವೀಪಕ್ಕೆ ಹೋಗಿ ಬರುವ ಶುಲ್ಕ! ಒಂದೊಂದು ದ್ವೀಪಕ್ಕೂ ಬೇರೆ ಬೇರೆ! ಐದನ್ನೂ ಒಂದೇ ಗೀಟಿನಲ್ಲಿ ಹೊಡೆದೆ.

"ಅಪ್ಪಾ! ಅಂದ್ರೆ ದ್ವೀಪಕ್ಕೆ ಹೋಗಿ ಇಳಿಯೋದೇ ಇಲ್ವಾ?"

"ಹಡಗಿನಿಂದಲೇ ಚೆನ್ನಾಗಿ ಕಾಣುತ್ತೆ. ಇಳಿದ್ರೆ ಕಾಲಿಗೆ ಮರಳು."

ಅತ್ತೆ ಕನ್ನಡಕ ಸರಿಮಾಡಿಕೊಂಡು ಹಾಳೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಇನ್ನು ಹಡಗೊಂದು ಉಳಿದಿದೆ ಅಳಿಯಂದಿರೇ. ಅದನ್ನೂ ಹೊಡೆದು ಹಾಕಿಬಿಟ್ರೆ ಸಂಪೂರ್ಣ ಉಳಿತಾಯ," ಎಂದರು.

ಹೆಂಡತಿ ಮಾತ್ರ ನಗಲಿಲ್ಲ. ಅವಳು ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಅಪಾಯಿಂಟ್‌ಮೆಂಟ್ ಕೊಡುವ ಕೆಲಸದಲ್ಲಿದ್ದಾಳೆ. 'ಮುಂದಿನ ವಾರ ಬರ್ತೀನಿ' ಎನ್ನುವವರನ್ನು ದಿನವೂ ನೋಡಿ ನೋಡಿ ಅವಳಿಗೆ ಆ ಜಾತಿಯ ಜನರ ಮೇಲೆ ನಂಬಿಕೆ ಹೊರಟುಹೋಗಿದೆ. "ಇವತ್ತೇ ಮುಂಗಡ ಕಟ್ಟಿಬಿಡಿ," ಎಂದಳು.

"ಅಳತೆ ನೋಡದೆ ಮುಂಗಡವೇ? ನನ್ನ ಹತ್ತೊಂಬತ್ತು ವರ್ಷದ ಸರ್ವೀಸಿಗೆ ಅವಮಾನ! ಮೊದಲು ಮಾದರಿ!"

ಅವಳು ತಲೆ ಚಚ್ಚಿಕೊಂಡು ಒಳಗೆ ಹೋದಳು.

ಆದದ್ದು ಇಷ್ಟು. ಕ್ಯಾಬಿನ್ನಿನ ಅಳತೆ ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲ, ಏಳು ಅಡಿ ಎತ್ತರ ಎಂದು ಕಂಪನಿಯವರು ಕೊಟ್ಟಿದ್ದರು. ಕಾರ್ಖಾನೆಯ ರದ್ದಿ ಮಾರಾಟದಲ್ಲಿ ಪ್ಲೈವುಡ್ ತಂದೆ. ಗುರುವಾರದಿಂದ ಶನಿವಾರದವರೆಗೆ ನಮ್ಮ ಹಾಲ್‌ನಲ್ಲಿ ಸುತ್ತಿಗೆಯ ಸದ್ದೋ ಸದ್ದು! ಸೋಫಾ ಅಡುಗೆಮನೆಗೆ ಹೋಯಿತು, ಫ್ರಿಜ್ಜು ಮಲಗುವ ಕೋಣೆಗೆ ಬಂತು. ಶನಿವಾರ ಸಂಜೆಗೆ ಗೋಡೆ, ಚಾವಣಿ, ಒಂದರ ಮೇಲೊಂದರಂತೆ ಮಲಗುವ ಹಲಗೆಗಳ ಸಮೇತ ಕ್ಯಾಬಿನ್ನು ಎದ್ದು ನಿಂತಿತು. ಗಾಳಿಗೆಂದು ಸಾಲಾಗಿ ತೂತು ಕೊರೆದೆ. ಬಾಗಿಲಿಗೆ, ಕೈಗೆ ಸಿಕ್ಕಿದ್ದೇ ಇರಲಿ ಎಂದು, ಪೆಟ್ಟಿಗೆಗೆ ಹಾಕುವ ಸ್ಪ್ರಿಂಗಿನ ಚಿಲಕವನ್ನೇ ಜಡಿದೆ. ಬಾಗಿಲು ತಳ್ಳಿದರೆ ಸಾಕು, ತಾನೇ ಟಕ್ಕೆಂದು ಬೀಳುತ್ತದೆ. ಏನು ಅಚ್ಚುಕಟ್ಟು!

ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಸಮುದ್ರಯಾನದ ಅಭ್ಯಾಸ ಎಂದು ಘೋಷಿಸಿದೆ. ಐದೂವರೆಗೆ ಎಲ್ಲ ಸರಿಯಿದೆ ಎಂದು ನಾನು ರುಜು ಹಾಕಬೇಕು, ಐದೂ ಮುಕ್ಕಾಲಿಗೆ ಮುಂಗಡ ಕಟ್ಟಬೇಕು. ನಿಯಮಗಳನ್ನು ಓದಿ ಹೇಳಿದೆ. ಒಬ್ಬರಿಗೆ ಒಂದೇ ಕೈಚೀಲ. ಸಮುದ್ರದಲ್ಲಿ ಇಂಟರ್ನೆಟ್ ಇಲ್ಲವಾದ್ದರಿಂದ ಎಲ್ಲರ ಫೋನೂ ಊಟದ ಮೇಜಿನ ಮೇಲೆ. ಸುತ್ತಿಗೆ, ಸ್ಕ್ರೂಡ್ರೈವರು ಹಡಗಿನಲ್ಲಿ ನಿಷಿದ್ಧ, ಅವೂ ಹೊರಗೆ.

ಪಕ್ಕದ ಮನೆಯಲ್ಲಿ ನಿವೃತ್ತ ಪಿ.ಟಿ. ಮೇಷ್ಟರೊಬ್ಬರಿದ್ದಾರೆ. ನಿವೃತ್ತಿಯಾಗಿ ಹತ್ತು ವರ್ಷವಾದರೂ ಕೊರಳಿನ ಸೀಟಿಗೆ ಮಾತ್ರ ನಿವೃತ್ತಿಯಿಲ್ಲ. ಅವರ ಕೈಗೆ ನಮ್ಮ ಮನೆಯ ಬೀಗದ ಕೈ ಕೊಟ್ಟು, "ಸರಿಯಾಗಿ ಆರಕ್ಕೆ ಬನ್ನಿ ಮೇಷ್ಟ್ರೇ, ನಾವು ದಡ ಸೇರಿದ್ದಕ್ಕೆ ನೀವೇ ಸಾಕ್ಷಿ. ಮೂರು ಗಂಟೆಯಿಂದ ಬಿರುಗಾಳಿ ಅಭ್ಯಾಸ ಇದೆ. ನಾವು ಎಷ್ಟೇ ಕಿರುಚಿದ್ರೂ ಒಳಗೆ ಬರಬೇಡಿ!" ಎಂದೆ.

"ಶಿಸ್ತು ಅಂದ್ರೆ ಇದು!" ಎಂದು ಮೇಷ್ಟರು ನನ್ನ ಬೆನ್ನು ತಟ್ಟಿದರು. ಬೆನ್ನು ಇನ್ನೂ ನೋಯುತ್ತಿದೆ.

ಬೆಳಿಗ್ಗೆಯೆಲ್ಲ ಪ್ರಯಾಣ ಸುಗಮವಾಗಿತ್ತು. ಬಾಗಿಲಿಗೆ ನನ್ನ ಚಪ್ಪಲಿ ಅಡ್ಡ ಇಟ್ಟಿದ್ದೆ, ಬೇಕಾದವರು 'ಡೆಕ್ಕಿಗೆ', ಅಂದರೆ ಹೊರಗಿನ ಹಾಲ್‌ಗೆ, ಹೋಗಿ ಬರುತ್ತಿದ್ದರು. ಮೇಲಿನ ಹಲಗೆಯಲ್ಲಿ ಮಲಗಿದ ನನಗೆ ಎರಡು ಸಲ ತಲೆ ಚಾವಣಿಗೆ ಬಡಿದದ್ದು ಬಿಟ್ಟರೆ ಲೋಪವೇ ಇಲ್ಲ. ಮೂರು ಗಂಟೆಯಾಯಿತು. ನಾನು ಎದ್ದು ನಿಂತು ಕ್ಯಾಪ್ಟನ್ನನ ಗತ್ತಿನಲ್ಲಿ, "ಬಿರುಗಾಳಿ! ಬಾಗಿಲು ಮುಚ್ಚಿ! ಇಲ್ಲಾಂದ್ರೆ ನೀರು ನುಗ್ಗುತ್ತೆ!" ಎಂದೆ.

"ಎಲ್ಲಿಯ ನೀರು?" ಎಂದರು ಅತ್ತೆ. "ಮೂರು ದಿನದಿಂದ ನಲ್ಲೀಲೇ ನೀರು ಬಂದಿಲ್ಲ."

ನಾನು ಚಪ್ಪಲಿಯನ್ನು ಒಳಗೆ ಎಳೆದುಕೊಂಡೆ. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಟಕ್! ಹತ್ತೊಂಬತ್ತು ವರ್ಷದಿಂದ ನನ್ನ ಕಿವಿಗೆ ಸಂಗೀತವಾಗಿದ್ದ ಸದ್ದು!

ಹತ್ತು ನಿಮಿಷ ಎಲ್ಲರೂ ಹಲಗೆ ಹಿಡಿದು ಅತ್ತಿತ್ತ ಓಲಾಡಿದೆವು. ಮಗಳು ಅಲೆಯ ಸದ್ದು ಮಾಡಿದಳು. ಅತ್ತೆಯಂತೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕು, "ಸಾಕು ಮಾರಾಯರೇ, ಬಾಗಿಲು ತೆಗೀರಿ, ಕಾಫಿ ಕುಡಿಯೋಣ," ಎಂದರು.

ಬಾಗಿಲ ಬಳಿ ಹೋದೆ. ಕೈಯಾಡಿಸಿದೆ. ಮೇಲೆ ನೋಡಿದೆ, ಕೆಳಗೆ ನೋಡಿದೆ.

ಪಂಪಿನ ಪೆಟ್ಟಿಗೆಯ ಚಿಲಕ ಹೊರಗಡೆಯಿಂದ ಮಾತ್ರ ತೆಗೆಯಲು ಬರುತ್ತದೆ! ಯಾಕೆಂದರೆ ಇದುವರೆಗೂ ಯಾವ ಪಂಪೂ ಒಳಗಿನಿಂದ 'ಸ್ವಲ್ಪ ಬಾಗಿಲು ತೆಗೀರಿ' ಎಂದು ಕೇಳಿದ್ದಿಲ್ಲ!

"ಏನಾಯ್ತು ಅಪ್ಪಾ?"

"ಏನಿಲ್ಲ. ಬಿರುಗಾಳಿ ಇನ್ನೂ ಸ್ವಲ್ಪ ಹೊತ್ತು ಇದೆ," ಎಂದೆ.

"ಎಷ್ಟು ಹೊತ್ತು?" ಎಂದಳು ಹೆಂಡತಿ, ನನ್ನ ಮುಖವನ್ನೇ ನೋಡುತ್ತ.

"ಆರು ಗಂಟೆವರೆಗೂ ಇರೋ ಹಾಗೆ ಕಾಣುತ್ತೆ..."

ವಿಷಯ ಬಯಲಾಯಿತು. ಭುಜ ಕೊಟ್ಟು ಬಾಗಿಲನ್ನು ಗುದ್ದಿದೆ. ಬಾಗಿಲು ಮಿಸುಕಲಿಲ್ಲ, ಭುಜ ಮಿಸುಕಿತು. ಗೋಡೆಗೆ ಒದ್ದೆ. ನಾಲ್ಕು ಸಲ ಲಾರಿಯಿಂದ ಎತ್ತಿ ಹಾಕಿದರೂ ಬಿಚ್ಚಿಕೊಳ್ಳಬಾರದೆಂದು ನಾನೇ ಮೂರು ಇಂಚಿಗೊಂದು ಮೊಳೆ ಹೊಡೆದಿದ್ದೆ. ಅಯ್ಯೋ, ನನ್ನ ಕೆಲಸವೇ! ಒಂದೇ ಒಂದು ಕಡೆ ಕೆಲಸಗಳ್ಳತನ ಮಾಡಿದ್ದರೆ ಏನಾಗುತ್ತಿತ್ತು?

"ಎಲ್ಲರೂ ಒಟ್ಟಿಗೆ ಕೂಗೋಣ," ಎಂದೆ. "ಕಾಪಾಡಿ! ಮೇಷ್ಟ್ರೇ! ಕಾಪಾಡಿ!" ನಾಲ್ವರೂ ಗಂಟಲು ಹರಿಯುವಂತೆ ಕೂಗಿದೆವು.

ಪಕ್ಕದ ಮನೆಯಿಂದ ಉತ್ತರ ಬಂತು. ಪುರ್ರ್ರ್! ಸೀಟಿ! ಹಿಂದೆಯೇ ಮೇಷ್ಟರ ದನಿ: "ಭೇಷ್! ಇನ್ನೂ ಜೋರಾಗಿ! ಹೊಟ್ಟೆಯಿಂದ ಕೂಗಬೇಕು!"

"ಮೇಷ್ಟ್ರೇ, ಇದು ನಿಜವಾದದ್ದು!"

"ಹಾಗೇ ಅನ್ನಿಸ್ತಿದೆ! ಅದ್ಭುತವಾಗಿ ಬರ್ತಿದೆ! ಒನ್, ಟೂ! ಒನ್, ಟೂ!"

ಅರ್ಧ ಗಂಟೆ ನಾವು ಕಾಪಾಡಿ ಎಂದು ಕೂಗಿದೆವು, ಅರ್ಧ ಗಂಟೆ ಅವರು ಸೀಟಿ ಊದಿದರು. ಕೊನೆಗೆ ಸುಸ್ತಾದವರು ನಾವು.

ಮಗಳು ಗಾಳಿಯ ತೂತಿಗೆ ಕಣ್ಣಿಟ್ಟು, ಎದುರಿನ ಗಡಿಯಾರ ನೋಡಿ ಸಮಯ ಹೇಳತೊಡಗಿದಳು. ನಾಲ್ಕೂಕಾಲು. ನಾಲ್ಕೂ ಮುಕ್ಕಾಲು. ನನಗೆ ಬೆವರು ಇಳಿಯುತ್ತಿತ್ತು. ವಿಚಿತ್ರವೆಂದರೆ ಹೆಂಡತಿ ಕೆಳಗಿನ ಹಲಗೆಯಲ್ಲಿ ಕಾಲು ಚಾಚಿ, ತನ್ನ ಕೈಚೀಲದಿಂದ ಇಸ್ಪೀಟು ತೆಗೆದು ಅಮ್ಮನೊಂದಿಗೆ ಆಟಕ್ಕೆ ಕೂತಿದ್ದಳು. ಏನೋ ರಾಗ ಬೇರೆ ಗುನುಗುತ್ತಿದ್ದಳು. ಆಸೆ ಮುರಿದವರು ಹೀಗೆಯೇ ಕಲ್ಲಾಗಿಬಿಡುತ್ತಾರೆ ಎಂದುಕೊಂಡೆ.

ಐದೂವರೆಗೆ ಮೇಜಿನ ಮೇಲೆ ಅವಳ ಫೋನು ಹೊಡೆದುಕೊಂಡಿತು. ಮಗಳು ತೂತಿನಿಂದ ಇಣುಕಿ, "ಅಮ್ಮಾ, ಹಡಗಿನ ಕಂಪನಿ ಅಂತ ಬರ್ತಿದೆ!" ಎಂದಳು.

"ಹೊಡ್ಕೊಳ್ಳಲಿ ಬಿಡು," ಎಂದು ಹೆಂಡತಿ ಎಲೆ ಇಳಿಸಿದಳು.

ಎಂಟು ಅಡಿ ಆಚೆ ಫೋನು! ಅದರೊಳಗೆ ಅವಳ ಸಮುದ್ರ! ನಡುವೆ ನನ್ನ ಪ್ಲೈವುಡ್ಡು! ಫೋನು ಬಾಯಿ ಮುಚ್ಚಿತು. ಐದೂ ಐವತ್ತಾರು ಎಂದಳು ಮಗಳು. ನಾನು ಮೇಲಿನ ಹಲಗೆಯಿಂದ ಇಳಿದು ಹೆಂಡತಿಯ ಕಾಲ ಬಳಿ ನೆಲದ ಮೇಲೆ ಕೂತೆ.

"ನನ್ನನ್ನ ಕ್ಷಮಿಸಿಬಿಡು," ಎಂದೆ. "ಇಪ್ಪತ್ತು ವರ್ಷದಿಂದ ನಾನು ಪ್ಲಾನ್ ಮಾಡಿಲ್ಲ. ಹೆದರಿದ್ದೀನಿ, ಅಷ್ಟೇ. ಖರ್ಚಾದ್ರೆ ಹೇಗೆ, ಏನಾದ್ರೂ ತಪ್ಪಾದ್ರೆ ಹೇಗೆ ಅಂತ. ನೀನು ಕೇಳಿದ್ದು ಒಂದೇ ಒಂದು. ಅದನ್ನೂ ಪೆಟ್ಟಿಗೇಲಿ ಹಾಕಿ ಜಡಿದುಬಿಟ್ಟೆ."

ಹೇಳುವಾಗ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. ಅವಳು ಇಸ್ಪೀಟು ಕೆಳಗಿಟ್ಟಳು. ನನ್ನ ತಲೆಯ ಮೇಲೆ, ಚಾವಣಿಗೆ ಬಡಿದು ಉಬ್ಬಿದ ಜಾಗದಲ್ಲೇ ಮೆಲ್ಲಗೆ ಕೈಯಿಟ್ಟಳು.

"ಇನ್ನು ಮೇಲೆ ಪ್ಲಾನ್ ಮಾಡಲ್ಲ ಅಂತೀರಾ?"

"ಆಣೆಗೂ ಮಾಡಲ್ಲ!"

"ಬರೆದು ಕೊಡಿ."

ಮಗಳು ಅಷ್ಟರಲ್ಲೇ ಪೆನ್ನು ತೆಗೆದು ಪ್ಲೈವುಡ್ಡಿನ ಗೋಡೆಯ ಮೇಲೆ ಬರೆದೂ ಆಗಿತ್ತು. ನಾನು ರುಜು ಹಾಕಿದೆ. ಅತ್ತೆ ಸಾಕ್ಷಿ ಹಾಕಿದರು.

ಸರಿಯಾಗಿ ಆರಕ್ಕೆ ಮುಂಬಾಗಿಲು ತೆರೆಯಿತು. ಪುರ್ರ್ರ್! ಮೇಷ್ಟರು ಚಿಲಕ ತೆಗೆದು, "ಮೂವತ್ತು ವರ್ಷದ ಸರ್ವೀಸಿನಲ್ಲಿ ಇಂಥ ಅಭ್ಯಾಸ ನೋಡಿಲ್ಲ!" ಎಂದು ಕೈ ಕುಲುಕಲು ಬಂದರು. ನಾನು ಅವರ ಕಂಕುಳ ಕೆಳಗೇ ನುಸುಳಿ ಮೇಜಿನತ್ತ ಓಡಿದೆ. ನನ್ನ ಫೋನು ತೆರೆದೆ. ಆರು ಗಂಟೆ ಒಂದು ನಿಮಿಷ. 'ಕೊಡುಗೆ ಮುಗಿದಿದೆ' ಎಂದು ಕೆಂಪಕ್ಷರದಲ್ಲಿ ತೋರಿಸುತ್ತಿತ್ತು. ಅಲ್ಲೇ ಕುಸಿದು ಕೂತೆ.

ಹೆಂಡತಿ ನಿಧಾನವಾಗಿ ಮೈ ಮುರಿಯುತ್ತ ಹೊರಗೆ ಬಂದಳು. ತನ್ನ ಫೋನು ತೆಗೆದುಕೊಂಡು ಕಂಪನಿಗೆ ತಾನೇ ಕರೆ ಮಾಡಿದಳು. "ಹಲೋ... ಹೌದು, ಟಿಕೆಟ್ ಬಂದಿದೆ. ಥ್ಯಾಂಕ್ಸ್. ಐದು ದ್ವೀಪಕ್ಕೂ ದೋಣಿ ಸೇರಿದೆ ಅಲ್ವಾ? ಸರಿ."

ನಾನು ಬಾಯಿ ಬಿಟ್ಟೆ. ಬಿಟ್ಟ ಬಾಯಿ ಮುಚ್ಚಲಿಲ್ಲ.

"ಶುಕ್ರವಾರವೇ ಕಟ್ಟಿಬಿಟ್ಟೆ, ನನ್ನ ಸಂಬಳದಲ್ಲಿ," ಎಂದಳು. "ಮುಂದಿನ ವಾರ ಅನ್ನೋರ ಹಲ್ಲು ಏನಾಗುತ್ತೆ ಅಂತ ದಿನಾ ನೋಡ್ತೀನಲ್ಲ."

"ಮತ್ತೆ ಇವತ್ತು ಎಂಟು ಗಂಟೆ ಇದರೊಳಗೆ ಯಾಕೆ ಕೂತೆ?"

"ನೀವು ಅಷ್ಟು ಖುಷಿಯಾಗಿ ಮೊಳೆ ಹೊಡೀತಿದ್ರಿ. ಬೇಡ ಅನ್ನೋಕೆ ಮನಸ್ಸು ಬರಲಿಲ್ಲ."

ಸಂತೋಷಕ್ಕೆ ನಾನು ಅವಳನ್ನು ಎತ್ತಿ ಕುಣಿಸುವುದೊಂದು ಬಾಕಿ! ಭುಜ ನೋಯುತ್ತಿದ್ದರಿಂದ ಆಗಲಿಲ್ಲ. ಸಡಗರದಲ್ಲಿ, "ಕಿಟಕಿ ಇರೋದಾ?" ಎಂದು ಕೇಳಿದೆ.

"ಕಿಟಕಿಯೇನು, ಬಾಲ್ಕನಿಯೇ ಇದೆ. ಅಮ್ಮ, ಮಗಳು, ನಾನು."

"ಮತ್ತೆ ನಾನು?"

"ಅದರಲ್ಲಿ ಮೂರೇ ಹಾಸಿಗೆ. ನಿಮಗೆ ಕೆಳಗಿನ ಅಂತಸ್ತಲ್ಲಿ, ಕಿಟಕಿ ಇಲ್ಲದ್ದು, ಒಬ್ಬರದ್ದು. ನಿಮಗೆ ಅಭ್ಯಾಸ ಆಗಿದೆಯಲ್ಲ!" ಎಂದು ಅಡುಗೆಮನೆಯತ್ತ ಹೊರಟವಳು ಬಾಗಿಲಲ್ಲಿ ನಿಂತು ತಿರುಗಿದಳು. "ಹೆದರಬೇಡಿ. ಇವತ್ತು ಅವರು ಫೋನ್ ಮಾಡಿದ್ದು ನಿನ್ನೆ ನಾನು ಕೇಳಿದ್ದ ಒಂದು ಪ್ರಶ್ನೆಗೆ ಉತ್ತರ ಹೇಳೋಕಂತೆ. ಚಿಲಕ ಒಳಗಡೆನೇ ಇದೆಯಂತೆ!"