ಬಾಯಿ ಬಿಟ್ಟು ಬಸ್ಸು ಓಡಿಸಿದ್ದು

ಸ್ಕೂಲ್ ಬಸ್ಸಿನ ಡ್ರೈವರಿಗೆ ದಿನಕ್ಕೊಮ್ಮೆಯಾದರೂ ಎದೆ ಧಸಕ್ಕೆನ್ನಲಿಲ್ಲ ಎಂದರೆ ಅವತ್ತು ಭಾನುವಾರ ಎಂದೇ ಅರ್ಥ. ಹಿರಿಯೂರಿನ ಒಂದು ಖಾಸಗಿ ಶಾಲೆಯ ಬಸ್ಸು ಓಡಿಸುವ ನನಗೆ ಇದೆಲ್ಲ ರೂಢಿ. ನಾಯಿ ಅಡ್ಡ ಬರುತ್ತದೆ, ಬೈಕಿನವನು ಎಡಕ್ಕೆ ಕೈ ತೋರಿಸಿ ಬಲಕ್ಕೆ ಹೋಗುತ್ತಾನೆ, ಮಕ್ಕಳು ಹಿಂದಿನಿಂದ ಕಿಟಾರನೆ ಕಿರುಚುತ್ತಾರೆ. ಆದರೆ ಕಳೆದ ವರ್ಷ ನಾನು ಬೆಚ್ಚಿಬಿದ್ದಷ್ಟು ಈ ಜನ್ಮದಲ್ಲಿ ಬೆಚ್ಚಿರಲಿಲ್ಲ. ಕಾರಣ ರಸ್ತೆಯಲ್ಲ, ನನ್ನದೇ ಬಾಯಿ.

ನಮ್ಮ ಶಾಲೆಯ ಕಾರ್ಯದರ್ಶಿಗಳು ಒಂದು ದಿನ ಡ್ರೈವರುಗಳನ್ನೆಲ್ಲ ನಿಲ್ಲಿಸಿಕೊಂಡು ಹೇಳಿದರು: "ಚಿತ್ರದುರ್ಗದಾಗೆ ಮೇಲ್ಮಟ್ಟದ ಡ್ರೈವಿಂಗ್ ತರಬೇತಿ ಐತೆ. ಎಲ್ಲಾರೂ ಹೋಗ್ರಿ. ಕೊನೇಗೆ ಪರೀಕ್ಷೆ. ಪಾಸಾದೋರಿಗೆ ಸ್ಟೇರಿಂಗು, ಫೇಲಾದೋರಿಗೆ ಗೇಟು."

ಗೇಟು ಅಂದರೆ ವಾಚ್‌ಮನ್ ಕೆಲಸ. ನನ್ನ ಬಸ್ಸನ್ನು ಇನ್ನೊಬ್ಬ ಓಡಿಸಿಕೊಂಡು ಬರುವುದು, ನಾನು ಸೀಟಿ ಊದಿ ಗೇಟು ತೆಗೆಯುವುದು! ನೆನೆಸಿಕೊಂಡರೆ ಊಟ ಸೇರಲಿಲ್ಲ.

ನಿಮ್ಮ ಜೊತೆ ನೀವೇ

ತರಬೇತಿ ಕೊಡಲು ಬಂದವರು ತೆಳ್ಳಗಿನ ಒಬ್ಬ ಮೇಷ್ಟ್ರು. ಕ್ಲಚ್ಚು, ಗೇರು, ತಿರುವು ಎಂದೇನೋ ಹೇಳಿಕೊಡುತ್ತಾರೆ ಎಂದು ನಾವು ಕೂತಿದ್ದರೆ ಅವರು ಹೇಳಿದ್ದು ಬೇರೆ.

"ನೀವು ಗಾಡಿ ಓಡಿಸ್ತಾ ಬಾಯಿಬಿಟ್ಟು ಮಾತಾಡಬೇಕು. ಮುಂದೆ ಏನು ಕಾಣತೈತೆ, ಅದರಿಂದ ಏನು ಅಪಾಯ ಆಗಬಹುದು, ನೀವೇನು ಮಾಡ್ತೀರಿ, ಮೂರನ್ನೂ ಜೋರಾಗಿ ಹೇಳ್ತಾ ಹೋಗಬೇಕು. ಇದಕ್ಕೆ ಕಾಮೆಂಟರಿ ಅಂತಾರೆ. ಬಾಯಿ ಹೇಳ್ತಿದ್ರೆ ಕಣ್ಣು ನಿದ್ದೆ ಮಾಡಲ್ಲ."

ನಾವು ಮುಖ ಮುಖ ನೋಡಿಕೊಂಡೆವು. ಹೊಳಲ್ಕೆರೆ ಕಡೆಯ ಹಿರಿಯ ಡ್ರೈವರೊಬ್ಬರು ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕೆನ್ನೆಗೆ ತಳ್ಳಿ ಎದ್ದು ನಿಂತರು. "ಸಾರ್, ಚಾಲಕರೊಂದಿಗೆ ಮಾತನಾಡಬೇಡಿ ಅಂತ ಬಸ್ಸಿನಾಗೇ ಬರೆದೈತಲ್ರಿ."

ಮೇಷ್ಟ್ರು ತಣ್ಣಗೆ ಹೇಳಿದರು: "ಅದು ಪ್ಯಾಸೆಂಜರಿಗೆ. ನಿಮ್ಮ ಜೊತೆ ನೀವು ಮಾತಾಡಬ್ಯಾಡ್ರಿ ಅಂತ ಬರೆದೈತೇನು?"

ಇಷ್ಟು ವರ್ಷ ಒಬ್ಬನೇ ಮಾತಾಡಿಕೊಂಡು ಹೋಗುವವರನ್ನು ಕಂಡರೆ ನಾವು ರಸ್ತೆ ದಾಟಿ ಆಚೆ ಹೋಗುತ್ತಿದ್ದೆವು. ಈಗ ಅದಕ್ಕೇ ಸರ್ಟಿಫಿಕೇಟು!

ಸ್ಕೂಟರಿನ ಸಂಬಂಧ

ಮೊದಲು ಸ್ಟೇರಿಂಗ್ ಹಿಡಿದವರು ಅದೇ ಹೊಳಲ್ಕೆರೆಯ ಹಿರಿಯರು. ದುರ್ಗದಿಂದ ಅವರೂರಿನ ರಸ್ತೆಗೇ ಬಸ್ಸು ಹೊರಟಿತು. ಹಿಂದೆ ನಾವೆಲ್ಲ, ಪಕ್ಕದಲ್ಲಿ ಮೇಷ್ಟ್ರು.

"ಮುಂದೆ ಟ್ರಾಕ್ಟರ್ ಐತೆ. ಅದು ನಮ್ಮ ಷಡ್ಡಕಂದು. ಸೆಕೆಂಡ್ ಹ್ಯಾಂಡ್."

"ಅದು ಬ್ಯಾಡ. ಅಪಾಯ ಹೇಳ್ರಿ," ಎಂದರು ಮೇಷ್ಟ್ರು.

"ಅವನೇ ಅಪಾಯ ಸಾರ್. ಮದುವೇಲಿ ನಮ್ಮಪ್ಪನ್ನ ಮಾತಾಡಿಸಲಿಲ್ಲ."

ಹೀಗೇ ಸಾಗಿತು. ನಮ್ಮ ಕಡೆ ರಸ್ತೆಯ ಮೇಲೆ ವಾಹನ ಬರುವುದಿಲ್ಲ, ನೆಂಟರು ಬರುತ್ತಾರೆ. ಅಷ್ಟರಲ್ಲಿ ಮುಂದೊಂದು ಸ್ಕೂಟರ್ ಕಂಡಿತು.

"ಮುಂದೆ ಸ್ಕೂಟರ್. ಹಿಂದೆ ಕುಂತಿರೋಳು ಚಿಕ್ಕಜಾಜೂರಿನ ನಮ್ಮ ಅತ್ತಿಗೆ ತಂಗಿ. ಓಡಿಸ್ತಿರೋನು ಅವಳ ಗಂಡ..." ಹಿರಿಯರ ದನಿ ನಿಂತಿತು. ಬಸ್ಸೂ ಮುಗ್ಗರಿಸಿತು. "ಅಯ್ಯೋ ಶಿವನೇ! ಗಂಡ ಅಲ್ಲ!"

ನಾವೆಲ್ಲ ಸೀಟಿನಿಂದ ಎದ್ದು ಮುಂದಿನ ಗಾಜಿಗೆ ಕಣ್ಣು ನೆಟ್ಟೆವು. ಬೆಳಗ್ಗೆಯಿಂದ "ಓವರ್‌ಟೇಕ್ ಮಾಡಬ್ಯಾಡ್ರಿ, ಓವರ್‌ಟೇಕ್ ಮಾಡಬ್ಯಾಡ್ರಿ" ಎಂದು ಬಡಿದುಕೊಂಡಿದ್ದ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು.

"ರೋಡ್ ಖಾಲಿ ಐತೆ. ಓವರ್‌ಟೇಕ್ ಮಾಡ್ರಿ, ಮುಖ ನೋಡಾಣ."

ಕೆಂಪು ಸೀರೆ

ಮನೆಯಲ್ಲೂ ಅಭ್ಯಾಸ ಮಾಡಿ ಎಂದು ಮೇಷ್ಟ್ರು ಹೇಳಿದ್ದರು. ಆದಿವಾಲದಲ್ಲಿ ನೆಂಟರ ಮನೆ ಗೃಹಪ್ರವೇಶ. ಹೆಂಡತಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ಅವಳಿಗೆ ತರಬೇತಿಯ ವಿಷಯ ಬಿಡಿಸಿ ಹೇಳಿರಲಿಲ್ಲ. ಹೆಲ್ಮೆಟ್ಟಿನೊಳಗಿಂದ ಶುರುಮಾಡಿದೆ.

"ಎಡಗಡೆ ಕೆಂಪು ಸೀರೆ. ಒಬ್ಬಳೇ ಅದಾಳೆ. ನನ್ನನ್ನ ಇನ್ನೂ ನೋಡಿಲ್ಲ. ಒಂದು ಹಾರ್ನ್ ಹೊಡಿತೀನಿ. ಹಾಂ, ನೋಡಿದ್ಲು. ಇನ್ನು ನಿಧಾನಕ್ಕೆ ಪಕ್ಕಕ್ಕೆ ಹೋಗ್ತೀನಿ."

ಸೊಂಟಕ್ಕೆ ಚೇಳು ಕಡಿಯಿತೇನೋ ಅನ್ನುವ ಹಾಗೆ ಚಿವುಟು ಬಿತ್ತು. ಬೈಕು ಹಾವಿನ ಹಾಗೆ ಅತ್ತಿತ್ತ ಹೊಯ್ದಾಡಿ ನಿಂತಿತು.

"ಏನ್ರೀ ಇದು? ನಾನು ಹಿಂದೆ ಕುಂತಿರಂಗೇನೇ?" ಅವಳ ಕಣ್ಣಲ್ಲಿ ನೀರೇ ಬಂದಿತ್ತು. ಗೇಟು, ಪರೀಕ್ಷೆ, ಮೇಷ್ಟ್ರು ಎಲ್ಲ ಬಿಡಿಸಿ ಹೇಳಿ, ಆಣೆ ಇಟ್ಟು ಸಮಾಧಾನ ಮಾಡುವಷ್ಟರಲ್ಲಿ ಗೃಹಪ್ರವೇಶದ ಪೂಜೆಯೇ ಮುಗಿದಿತ್ತು.

ವಾಪಸು ಬರುವಾಗ ಅವಳೇ ಹೇಳಿಕೊಟ್ಟಳು: "ನೋಡ್ರಿ, ಅಲ್ಲಿ ಎಮ್ಮೆ ಬರತೈತೆ. ಅದ್ರ ಬಗ್ಗೆ ಎಷ್ಟು ಬೇಕಾದ್ರೂ ಮಾತಾಡ್ರಿ."

ಬಿಡ್ತು ಅನ್ನು

ನಿಜವಾದ ಫಜೀತಿ ಬಂದಿದ್ದು ನಮ್ಮವ್ವನಿಂದ. ಬಬ್ಬೂರಿನ ಅಕ್ಕನ ಮನೆಯಿಂದ ಅವಳನ್ನು ಕರೆತರಲು ಗೆಳೆಯನ ಕಾರು ಕೇಳಿ ತಂದಿದ್ದೆ. ಅವ್ವ ಪಕ್ಕದಲ್ಲಿ ಕೂತಳು. ನಾನು ಬಾಯಿ ಬಿಟ್ಟೆ.

"ಮುಂದೆ ಲಾರಿ ಐತೆ. ಟೈರ್ ಸಿಡಿಬಹುದು. ಪಕ್ಕದ ಆಟೋ ಪಲ್ಟಿ ಹೊಡಿಬಹುದು. ಅಲ್ಲಿ ಒಬ್ಬ ಅಜ್ಜ ಅದಾನೆ, ಬಂದು ನಮಗೇ ಬೀಳಬಹುದು."

"ಲೇ!" ಅವ್ವ ಎದೆ ಹಿಡಿದುಕೊಂಡಳು. "ಬಿಡ್ತು ಅನ್ನಲೇ! ಮ್ಯಾಲೆ ಅಸ್ತು ದೇವತೆಗಳು ತಿರುಗಾಡ್ತಿರ್ತಾರೆ. ನೀನು ಕೆಟ್ಟದ್ದು ನುಡಿಯೋದು, ಅವರು ಅಸ್ತು ಅನ್ನೋದು. ಬಿಡ್ತು ಅನ್ನು!"

ಅಪಾಯ ಹೇಳಲೇಬೇಕು ಎಂಬುದು ಮೇಷ್ಟ್ರ ನಿಯಮ. ಹೇಳಿದ್ದನ್ನು ಅಳಿಸಲೇಬೇಕು ಎಂಬುದು ಅವ್ವನ ನಿಯಮ. ನಾನು ಹಲ್ಲು ಕಚ್ಚಿ "ಬಿಡ್ತು" ಅಂದೆ. ಆದರೆ ತಡವಾಗಿತ್ತು. ಆ ಅಜ್ಜ ಕಲ್ಲು ಎಡವಿ, ನಮ್ಮ ಕಣ್ಣೆದುರಿಗೇ ಹುಲ್ಲಿನ ಮೇಲೆ ದೊಪ್ಪನೆ ಕೂತ. ಅವನಿಗೆ ಏನೂ ಆಗಲಿಲ್ಲ, ಎದ್ದು ಪಂಚೆ ಕೊಡವಿಕೊಂಡು ಹೋದ.

"ಅಂದಂಗೇ ಆತು ನೋಡು!" ಅವ್ವ ಅವತ್ತಿನಿಂದ ಬಿಡಲಿಲ್ಲ. ಒಂದೊಂದು ಅಪಾಯಕ್ಕೂ ಒಂದೊಂದು ಬಿಡ್ತು. ಅಡುಗೆಮನೆಯಲ್ಲಿ ಕೂತು ಪಾಠ ಒಪ್ಪಿಸಿದರೂ ಸರಿಯೇ, ಬಿಡ್ತು ಬಾರದಿದ್ದರೆ ತಟ್ಟೆಗೆ ಮುದ್ದೆ ಬೀಳುತ್ತಿರಲಿಲ್ಲ. ಕೊನೆಗೆ ನಾನು ಬೇಡವೆಂದರೂ ನಾಲಿಗೆ ತಾನಾಗಿಯೇ ಅದನ್ನು ಸೇರಿಸತೊಡಗಿತು.

ಸುದ್ದಿ ಬೀದಿಗೆಲ್ಲ ಹರಡಿತು. ಒಂದು ಸಂಜೆ ಪಕ್ಕದ ಮನೆಯವರು ಬಂದು, ಆಚೀಚೆ ನೋಡಿ, ಕಿವಿಯ ಹತ್ತಿರ ಬಾಗಿದರು.

"ಏನಪ್ಪ, ನಮ್ಮ ದಾಯಾದಿ ಹೊಸ ಕಾರು ತಗಂಡವ್ನೆ. ಅದರ ಹಿಂದೆ ಒಂದ್ಸಲ ಹೋಗಿ ಮಾತಾಡ್ತೀಯಾ? ಬಿಡ್ತು ಮಾತ್ರ ಅನ್ನಬ್ಯಾಡ."

ಪರೀಕ್ಷೆ

ಪರೀಕ್ಷೆಯ ದಿನ ಮೇಷ್ಟ್ರ ಜೊತೆ ಕಾರ್ಯದರ್ಶಿಗಳೂ ಬಂದರು. ಬಿಳಿ ಪಂಚೆ, ಬಿಳಿ ಜುಬ್ಬಾ. ಬಾಗಿಲ ಪಕ್ಕದ ಸೀಟಿನಲ್ಲಿ ಕೂತು "ನಡಿಯಪ್ಪ" ಎಂದರು. ಗೇಟಿನ ಸೀಟಿ ಆಗಲೇ ನನ್ನ ಕಿವಿಯಲ್ಲಿ ಊದುತ್ತಿತ್ತು.

ಹೊಸದುರ್ಗದ ರಸ್ತೆ ಹಿಡಿದೆವು. ನಾಲಿಗೆ ಚೆನ್ನಾಗಿಯೇ ಹೊರಳಿತು.

"ಮುಂದೆ ಈರುಳ್ಳಿ ಲಾರಿ. ಚೀಲ ಜಾರಬಹುದು. ಬಿಡ್ತು. ದೂರ ಇಟ್ಕಂತೀನಿ."

ಕಾರ್ಯದರ್ಶಿಗಳು ಕತ್ತು ಚಾಚಿದರು. "ಏನು ಬಿಡ್ತು? ಹಗ್ಗನಾ?"

"ಏನಿಲ್ಲ ಸಾರ್." ಅವ್ವನ ವಿಷಯ ಹೇಳುತ್ತ ಕೂತರೆ ಪರೀಕ್ಷೆ ಕೆಡುತ್ತದೆ ಎಂದು ಮುಂದುವರಿಸಿದೆ. "ಬಲಗಡೆ ಬೈಕು. ಸಡನ್ನಾಗಿ ತಿರುಗಬಹುದು. ಬಿಡ್ತು."

ಇಳಿಜಾರು ಬಂತು. ರಸ್ತೆಯ ಎಡಕ್ಕೆ ಕುರಿಹಿಂಡು. ಬಸ್ಸನ್ನು ನಡಿಗೆಯ ವೇಗಕ್ಕೆ ಇಳಿಸಿದೆ. ಅಪಾಯ ಒಂದನ್ನೂ ಬಿಡಬಾರದು ಎಂಬ ಹುಮ್ಮಸ್ಸಿನಲ್ಲಿ ಬಾಯಿ ಓಡಿತು.

"ಎಡಗಡೆ ಕುರಿ. ನುಗ್ಗಬಹುದು. ಬಿಡ್ತು. ಇಳಿಜಾರು ಐತೆ. ಇಂಥಾ ಕಡೆ ಕೈ ಕೊಡೋದೇ ಬ್ರೇಕು... ಬಿಡ್ತು!"

"ಬ್ರೇಕು ಬಿಡ್ತಾ!"

ನಾನು ತಿರುಗಿ ನೋಡುವಷ್ಟರಲ್ಲಿ ಆ ಸೀಟು ಖಾಲಿ. ಬಾಗಿಲು ತೆರೆದಿತ್ತು. ಕುಲದೇವರ ಹೆಸರು ಹೊರಗಿನಿಂದ ಕೇಳಿಸಿತು. ಬ್ರೇಕ್ ಒತ್ತಿದೆ, ಬಸ್ಸು ಕಮಕ್ ಕಿಮಕ್ ಅನ್ನದೆ ನಿಂತಿತು. ಕೆಳಗೆ ಕುರಿಗಳ ನಡುವೆ ಬಿಳಿ ಜುಬ್ಬಾ ಎದ್ದು ಕೂರಲು ಒದ್ದಾಡುತ್ತಿತ್ತು. ಕುರಿಯವನು ಕಂಬಳಿ ಬೀಸುತ್ತ ಬೈಯುತ್ತಿದ್ದ: "ಏಯ್, ಯಾರಪ್ಪ ನೀನು? ಕುರಿ ಬೆದರ್ತಾವೆ, ಏಳು ಮ್ಯಾಲೆ!"

ಪುಣ್ಯಕ್ಕೆ ಒಂದು ತರಚು ಗಾಯವೂ ಇಲ್ಲ. ಆದರೆ ಮೈತುಂಬ ಹಿಕ್ಕೆ, ಮುಖದ ತುಂಬ ಸಿಟ್ಟು.

"ಬ್ರೇಕ್ ಬಿಡ್ತು ಅಂದೆಯಲ್ಲೋ! ನಾಳೆಯಿಂದ ನಿನಗೆ ಗೇಟೇ!"

ಅವ್ವ, ಅಸ್ತು ದೇವತೆಗಳು, ಬಿಡ್ತು, ಎಲ್ಲವನ್ನೂ ತೊದಲಿದೆ. ಕಾರ್ಯದರ್ಶಿಗಳು ಕರಗಲಿಲ್ಲ. ಆಗ ಮೇಷ್ಟ್ರು ಕೆಳಗಿಳಿದು, ಬಸ್ಸಿನ ಸುತ್ತ ಒಂದು ಸಲ ನಡೆದು ಬಂದರು.

"ಕುರಿಗೆ ತಾಗಿಲ್ಲ, ಲಾರಿಗೆ ತಾಗಿಲ್ಲ, ಬ್ರೇಕ್ ಸರಿಯಾಗೇ ಐತೆ. ಫೇಲ್ ಮಾಡೋದಾದ್ರೆ ಓಡೋ ಗಾಡಿಯಿಂದ ಇಳಿದೋರನ್ನ ಮಾಡಬೇಕು. ಇವನು ಪಾಸು." ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತ ಸೇರಿಸಿದರು: "ಒಂದು ಮಾರ್ಕು ಮಾತ್ರ ಕಳೀತೀನಿ. ಕಾರ್ಯದರ್ಶಿಗಳು ಜಿಗೀಬಹುದು ಅನ್ನೋ ಅಪಾಯ ಹೇಳಲಿಲ್ಲ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸ್ಟೇರಿಂಗು ಉಳಿದಿತ್ತು! ಕಾರ್ಯದರ್ಶಿಗಳು ಜುಬ್ಬಾ ಕೊಡವಿಕೊಂಡು ಮೇಲೆ ಹತ್ತಿದರು. ಮೊದಲಿನ ಸೀಟಿನಲ್ಲಿ ಕೂರಲಿಲ್ಲ. ನೇರವಾಗಿ ಹೋಗಿ ಕಟ್ಟಕಡೆಯ ಸೀಟಿನಲ್ಲಿ, ತುರ್ತು ಬಾಗಿಲಿಗೆ ಒತ್ತಿಕೊಂಡು ಕೂತರು.

"ಹೋಗಾಣ," ಎಂದರು ಮೇಷ್ಟ್ರು. "ಎಲ್ಲಾ ಬಾಯಿಬಿಟ್ಟು ಹೇಳ್ತಾ ಹೋಗು."

ನಾನು ಗೇರು ಹಾಕಿದೆ. ಈ ಸಲ ಯಾರಿಗೂ ಗಾಬರಿಯಾಗಬಾರದೆಂದು ನಿಧಾನಕ್ಕೆ, ಬಿಡಿಸಿ ಬಿಡಿಸಿ ಹೇಳಿದೆ:

"ಸಾರ್, ಈಗ ಕ್ಲಚ್ ಬಿಡ್ತಾ ಇದೀನಿ."

ಹಿಂದೆ ತುರ್ತು ಬಾಗಿಲು ತೆಗೆದ ಸದ್ದು ಕೇಳಿಸಿತು.