ಚೀಲ ಬಿಚ್ಚದ ಅವ್ವ, ಜಾಗ ಹುಡುಕುವ ಅಳಿಯ

ನಮ್ಮ ಮನೆಯವರು ಗುಡಿಗೆ ಹೋದರೆ ದೇವರ ದರ್ಶನಕ್ಕೆ ಹಿಡಿಯುವುದು ಎರಡು ನಿಮಿಷ, ಚಪ್ಪಲಿ ಎಲ್ಲಿ ಬಿಡಬೇಕೆಂದು ತೀರ್ಮಾನಿಸಲು ಹಿಡಿಯುವುದು ಅರ್ಧ ತಾಸು! ಕಳವಾದೀತೆಂಬ ಹೆದರಿಕೆ ಅಂದುಕೊಂಡಿರಾ? ಛೆ, ಅವರ ಚಪ್ಪಲಿ ಕದಿಯುವಷ್ಟು ಗತಿಗೆಟ್ಟ ಕಳ್ಳ ನಮ್ಮ ಶಿಗ್ಗಾಂವದಲ್ಲಿ ಇನ್ನೂ ಹುಟ್ಟಿಲ್ಲ. "ಪ್ರತಿಯೊಂದಕ್ಕೂ ಅದರದ ಅಂತ ಒಂದು ಜಾಗಾ ಇರತೈತಿ, ಅದನ್ನ ಹುಡುಕಬೇಕು" ಎಂಬುದು ಅವರ ಸಿದ್ಧಾಂತ. ಅವರು ಹುಡುಕಿ ಮುಗಿಸುವಷ್ಟರಲ್ಲಿ ಪೂಜಾರಿ ಬಾಗಿಲು ಹಾಕಿಕೊಂಡು ಊಟಕ್ಕೆ ಹೋಗಿರುತ್ತಾನೆ.

ಈ ರೋಗಕ್ಕೆ ಮೂಲ ಅವರ ಕೆಲಸ. ಹೈವೇ ಪಕ್ಕದಲ್ಲಿ ಅವರದೊಂದು ಸಣ್ಣ ಕಂಪ್ಯೂಟರ್ ಅಂಗಡಿ ಇದೆ. ಹಾನಗಲ್ಲು, ಸವಣೂರು, ಹಿರೇಕೆರೂರಿನ ಕಾಳುಕಡಿ ವ್ಯಾಪಾರಿಗಳಿಗಾಗಿ ತೂಕದ ಚೀಟಿ ಮುದ್ರಿಸುವ ಸಾಫ್ಟ್‌ವೇರ್ ಒಂದನ್ನು ಬರೆದಿದ್ದಾರೆ. ಬರೆದದ್ದು ಒಂದೇ ವಾರದಲ್ಲಿ. ಆದರೆ ಅದನ್ನು ಪ್ಯಾಕ್ ಮಾಡಿ, ವ್ಯಾಪಾರಿಯ ಕಂಪ್ಯೂಟರಿಗೆ ಇನ್‌ಸ್ಟಾಲ್ ಮಾಡಿದಾಗ ಯಾವ ಫೈಲು ಯಾವ ಫೋಲ್ಡರಿಗೆ ಹೋಗಿ ಕೂರಬೇಕೆಂದು ಗೊತ್ತು ಮಾಡಲು ಮೂರು ತಿಂಗಳು ಹಿಡಿಯಿತು. ನಮ್ಮ ಹಿರಿಯರು ನಮ್ಮ ಮದುವೆಯನ್ನೇ ಇದಕ್ಕಿಂತ ಬೇಗ ಗೊತ್ತು ಮಾಡಿದ್ದರು!

"ಎಲ್ಲಿ ಕುಂತ್ರೇನ್ರೀ, ಕೆಲಸಾ ಮಾಡಿದ್ರ ಸಾಕಲ್ಲ?" ಎಂದು ಒಮ್ಮೆ ಕೇಳಿ ಕೆಟ್ಟೆ.

"ಊಟದ ಎಲಿ ಮ್ಯಾಲ ಉಪ್ಪು ಎಲ್ಲಿ ಹಾಕ್ತಾರ?"

"ಎಡಕ್ಕ, ತುದೀಗೆ."

"ಯಾಕ? ನಟ್ಟನಡುವ ಹಾಕಿದ್ರ ಅದೇನು ಸಕ್ಕರಿ ಆಕೈತೇನು? ಯಾವ ಊರಾಗ ಯಾರ ಮದುವಿಗೆ ಹೋದ್ರೂ ಕಣ್ಣು ಮುಚ್ಚಿ ಬೆರಳಿಟ್ರ ಉಪ್ಪೇ ಸಿಗಬೇಕು. ಫೈಲೂ ಹಂಗ."

ಇಷ್ಟು ಚೆಂದದ ಮಾತಿಗೆ ಎದುರು ಹೇಳುವವರಾರು? ಒಬ್ಬರಿದ್ದರು, ಸವಣೂರಿನ ಹಿರಿಯ ವ್ಯಾಪಾರಿ ಚಾಚಾ. ಸಾಫ್ಟ್‌ವೇರ್ ಹಾಕಲು ಹೋದ ಇವರಿಗೆ ಚಹಾ ಕೊಟ್ಟು, "ಭಾಯ್, ಎಲ್ಲಾ ಈ ಮುಂದಿನ ಪರದೇ ಮ್ಯಾಲೇ ಇಟ್ಟುಬಿಡ್ರಿ. ಕಣ್ಣಿಗೆ ಕಾಣ್ತಾವ" ಎಂದರಂತೆ. ಇವರಿಗೆ ಚಹಾ ನೆತ್ತಿಗೇರಿತು.

"ಚಾಚಾ, ಅನ್ನ, ಪಲ್ಯ, ಮಸಾಲಿ ಎಲ್ಲಾ ಒಂದರ ಮ್ಯಾಲ ಒಂದು ಸುರುವಿದ್ರ ಹೆಂಗ್ರಿ?"

ಚಾಚಾ ಗಡ್ಡ ನೀವಿಕೊಂಡು, "ಬಿರಿಯಾನಿ ಹಂಗ ಮಾಡ್ತಾರಲ್ರೀ!" ಎಂದರು. ಇವರು ಆ ದಿನ ರಾತ್ರಿ ಊಟಕ್ಕೆ ಕೂತವರು ಅನ್ನವನ್ನೂ ಪಲ್ಯವನ್ನೂ ಬೇರೆ ಬೇರೆ ತಾಟಿನಲ್ಲಿ ಬಡಿಸಿಕೊಂಡರು.

ಅಂಗಡಿಯ ಶಾಸ್ತ್ರ ಅಂಗಡಿಯಲ್ಲೇ ಉಳಿದಿದ್ದರೆ ನಾನೇಕೆ ಇಷ್ಟೆಲ್ಲ ಬರೆಯುತ್ತಿದ್ದೆ? ಅದು ಮನೆಗೂ ಬಂತು. ಎಲ್ಲರಿಗೂ ಬೇಕಾದದ್ದು ಪಡಸಾಲೆಯಲ್ಲಿ, ಒಬ್ಬೊಬ್ಬರ ಸ್ವಂತದ್ದು ಅವರವರ ಗೂಟಕ್ಕೆ, ಅವರ ಸಾಫ್ಟ್‌ವೇರಿನ ಮೂಲಪ್ರತಿ ಇರುವ ಅಸಲು ಡಿಸ್ಕುಗಳು ಕಬ್ಬಿಣದ ಕಪಾಟಿನ ನಡುವಿನ ಅಂಕಣದಲ್ಲಿ. ಆ ಅಂಕಣ ಅವರ ಗರ್ಭಗುಡಿ, ಅದಕ್ಕೆ ನಾನು ಕೈ ಹಚ್ಚುವಂತಿಲ್ಲ. ಇನ್ನು ಕಿಟಕಿಕಟ್ಟೆ. ಅದು ತಾತ್ಕಾಲಿಕ ವಸ್ತುಗಳ ಜಾಗ. ಕಂಪ್ಯೂಟರಿನಲ್ಲಿ ಅಂಥ ಜಾಗವನ್ನು ಆಗಾಗ ಗುಡಿಸಿ ಹಾಕುತ್ತಾರಂತೆ. ಇವರು ಪ್ರತಿ ಅಮಾವಾಸ್ಯೆಗೆ ನಮ್ಮ ಕಿಟಕಿಕಟ್ಟೆ ಗುಡಿಸುತ್ತಾರೆ. ಅಲ್ಲಿದ್ದದ್ದು ಏನೇ ಇರಲಿ, ಕಸದ ಗಾಡಿಗೆ! ನನ್ನ ಕುಕ್ಕರಿನ ಸೀಟಿ ಹೋದದ್ದು ಹಾಗೆಯೇ.

"ನನ್ನ ಸೀಟಿ ಎಲ್ರೀ?"

"ಕಿಟಕಿಕಟ್ಟಿ ಮ್ಯಾಲ ಯಾಕಿಟ್ಟಿದ್ದಿ?"

ಪಾಪ, ತಪ್ಪು ಸೀಟಿಯದೇ.

ಇಂಥ ಮನೆಗೆ ಬಂದವಳು ನಮ್ಮವ್ವ. ಹಿರೇಕೆರೂರಿನಲ್ಲಿ ಅವಳಿದ್ದ ಬಾಡಿಗೆ ಮನೆಯನ್ನು ಮಾಲಕರು ಬಿಡಿಸಿಕೊಂಡಿದ್ದರು. "ಬ್ಯಾರೆ ಮನಿ ಸಿಗೂತನಕ ಎಂಟು ದಿನ ಇರ್ತೇನಿ" ಎಂದು ಒಂದು ಜಿಪ್ಪಿನ ಚೀಲ ಹಿಡಿದು ಬಂದಳು. ಎಂಟು ದಿನ ಹೋಗಿ ಎಂಟು ತಿಂಗಳಾದವು. ನಾನು ಒಬ್ಬಳೇ ಮಗಳು, ಅವಳು ಇನ್ನೆಲ್ಲಿಗೆ ಹೋದಾಳು? ಆದರೂ ಚೀಲ ಮಾತ್ರ ಬಿಚ್ಚಲೊಲ್ಲಳು. ಬೆಳಿಗ್ಗೆ ಹಣಿಗೆ ತೆಗೆದು ತಲೆ ಬಾಚಿದರೆ ಮತ್ತೆ ಹಣಿಗೆ ಚೀಲದೊಳಗೆ. ಸೀರೆ ಒಣಗಿದರೆ ಮಡಚಿ ಚೀಲದೊಳಗೆ. ಚೀಲ ಸದಾ ಬಾಗಿಲ ಹಿಂದೆ.

"ಮಗಳ ಮನಿಯಾಗ ತಳಾ ಊರಬಾರದವ್ವ, ಮಂದಿ ನಗ್ತಾರ."

"ಯಾವ ಮಂದಿ? ಕರಕೊಂಡು ಬಾ, ಕೇಳ್ತೇನಿ!" ಎಂದು ನಾನು ಜಗಳ ತೆಗೆದರೆ ನಕ್ಕು ಚೀಲದ ಜಿಪ್ಪು ಮುಚ್ಚುವಳು. ನನಗೆ ಆಗ ಬೇಕಾಗಿದ್ದದ್ದು ಒಂದೇ, ಅವಳು ಆ ಚೀಲ ಬಿಚ್ಚಬೇಕು.

ಅಳಿಯನೊಂದಿಗೆ ನೇರ ಮಾತಾಡುವುದಂತೂ ದೂರದ ಮಾತು. ನಮ್ಮವ್ವನ ಕಾಲದಲ್ಲಿ ಅತ್ತೆ ಅಳಿಯನೆದುರು ನಿಂತು ಮಾತಾಡುವ ಪದ್ಧತಿಯೇ ಇಲ್ಲ. ಅವಳು ಬಾಗಿಲ ಮರೆಯಿಂದ, "ಅಳಿಯಾರಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳು" ಎನ್ನುವಳು. ಇವರು ತಾಟು ನೋಡುತ್ತ, "ಸಾಕು ಅಂತ ಹೇಳು" ಎನ್ನುವರು. ಇಬ್ಬರ ನಡುವೆ ಇರುವುದು ನಾಲ್ಕು ಮೊಳ! ನಾನು ಅಂಚೆಯವಳಂತೆ ಅತ್ತ ಒಮ್ಮೆ, ಇತ್ತ ಒಮ್ಮೆ.

ನಮ್ಮ ಮನೆಯವರು ಅವ್ವನ ಚೀಲವನ್ನು ಬಹಳ ದಿನ ಗಮನಿಸಿ ಒಂದು ದಿನ ತೀರ್ಪು ಕೊಟ್ಟರು. "ಕೆಲವು ಸಾಫ್ಟ್‌ವೇರ್ ಇರ್ತಾವ. ಇನ್‌ಸ್ಟಾಲ್ ಆಗೂದೇ ಇಲ್ಲ, ತಂದ ಚೀಲದಾಗ ಕುಂತು ಓಡ್ತಾವ. ನಿಮ್ಮವ್ವಾರು ಆ ಜಾತಿ."

"ನಮ್ಮವ್ವನ್ನ ಸಾಫ್ಟ್‌ವೇರ್ ಅಂತೀರೇನ್ರೀ?"

"ಒಳ್ಳೇದು ಅಂತನ ಹೇಳಾಕತ್ತೇನಿ. ಆದ್ರ ಅದು ಹಂಗ ಇರಬಾರದು" ಎಂದು ಎದ್ದು ಹೋದರು.

ಕಡೆಗೊಮ್ಮೆ ಚೀಲದಿಂದ ಒಂದೇ ಒಂದು ವಸ್ತು ಹೊರಬಂತು, ಅವ್ವನ ಎಲೆಸಂಚಿ. ಸವಣೂರಿನ ಎಲೆ, ಅಡಿಕೆ, ಸುಣ್ಣದ ಡಬ್ಬಿ ಇರುವ ಬಟ್ಟೆಯ ಸಂಚಿ. ಪದೇ ಪದೇ ಜಿಪ್ಪು ಎಳೆಯಲು ಬೇಸತ್ತು ಅದನ್ನು ಹೊರಗಿಡತೊಡಗಿದಳು. ನನಗೆ ಹಬ್ಬವಾದಷ್ಟು ಸಂತೋಷ! ಆದರೆ ಇಟ್ಟದ್ದೆಲ್ಲಿ? ಕಿಟಕಿಕಟ್ಟೆಯ ಮೇಲೆ! ಪ್ರತಿ ಅಮಾವಾಸ್ಯೆ ಇವರು ಏಳುವ ಮೊದಲೇ ಸಂಚಿಯನ್ನು ಬಚ್ಚಿಟ್ಟು, ಗುಡಿಸಿದ ಮೇಲೆ ಮತ್ತೆ ಇಟ್ಟುಬರುವುದು ನನ್ನ ವ್ರತವಾಯಿತು.

ಒಂದು ಅಮಾವಾಸ್ಯೆ ಹೋಳಿಗೆಯ ಹೂರಣ ರುಬ್ಬುವ ಗಡಿಬಿಡಿಯಲ್ಲಿ ವ್ರತ ತಪ್ಪಿತು. ನೆನಪಾಗಿ ಓಡಿ ಬಂದರೆ ಕಟ್ಟೆ ಬೋಳು! ಇವರು ಆಗಲೇ ಅಂಗಡಿಗೆ ಹೋಗಿದ್ದರು. ಕಿಟಕಿಯ ಮುಂದೆ ಅವ್ವ ನಿಂತಿದ್ದಳು, ಕೈಯಲ್ಲಿ ಚೀಲ.

"ಅಳಿಯಾರು ಸಂಚಿ ತಗದಾರ. ದೊಡ್ಡವರು, ಬಾಯಿ ಬಿಟ್ಟು ಹೋಗು ಅನ್ನಲಿಲ್ಲ. ಹಿರೇಕೆರೂರು ಬಸ್ಸು ಎಷ್ಟೊತ್ತಿಗೈತೆವ್ವ?"

ಅವಳು ಅಳಲಿಲ್ಲ, ಅಳು ಬಂದದ್ದು ನನಗೆ. ಫೋನ್ ಹಚ್ಚಿ, "ನಿಮ್ಮ ಶಾಸ್ತ್ರಕ್ಕ ಬೆಂಕಿ ಬೀಳ್ಲಿ! ಅವ್ವ ಹೊಂಟಾಳ!" ಎಂದು ಕೂಗಿದೆ. ಬಂದರು. ಹೆಲ್ಮೆಟ್ ಕೂಡ ತೆಗೆಯದೆ, ಚಪ್ಪಲಿ ಸಮೇತ ನೇರ ಪಡಸಾಲೆಗೆ ಬಂದರು! ಚಪ್ಪಲಿ ಎಲ್ಲಿ ಬಿಡಬೇಕೆಂದು ಯೋಚಿಸದ ಅವರನ್ನು ನಾನು ನೋಡಿದ್ದು ಆವತ್ತೇ.

ಅವ್ವ ಚೀಲ ಹಿಡಿದೇ ಬಾಗಿಲ ಮರೆಗೆ ಸರಿದಳು. ಇವರು ಕಬ್ಬಿಣದ ಕಪಾಟು ತೆಗೆದರು. ನಡುವಿನ ಅಂಕಣದಲ್ಲಿ ಒಂದು ಡಿಸ್ಕೂ ಇರಲಿಲ್ಲ. ಹೊಸ ಪೇಪರು ಹಾಸಿ, ಅದರ ಮೇಲೆ ಅವ್ವನ ಎಲೆಸಂಚಿಯನ್ನು ಇಟ್ಟಿದ್ದರು. ಗರ್ಭಗುಡಿಯ ಡಿಸ್ಕುಗಳೆಲ್ಲ ಒಂದು ಅಕ್ಕಿ ಚೀಲದಲ್ಲಿ ತುಂಬಿ ಮಂಚದ ಕೆಳಗೆ ಬಿದ್ದಿದ್ದವು.

"ನಿಮ್ಮವ್ವಾರಿಗೆ ಹೇಳು," ಎಂದರು ನನಗೆ, ಕಪಾಟಿನ ಕಡೆಯೇ ಮುಖ ಮಾಡಿ. "ಕಿಟಕಿಕಟ್ಟಿ ಇವತ್ತು ಇದ್ದು ನಾಳೆ ಹೋಗೂದರ ಜಾಗಾ. ಅದು ಅವರದಲ್ಲ. ಅವರ ಜಾಗಾ ಇದು. ಇಲ್ಲಿ ಇಟ್ಟದ್ದನ್ನ ಯಾರೂ ತಗಿಯಂಗಿಲ್ಲ. ಸಂಜೀಕ ಬಂದು ಹೇಳಬೇಕಂತ ಮಾಡಿದ್ದೆ."

ಈ ಸಲ ಅಂಚೆಯವಳ ಅಗತ್ಯ ಬೀಳಲಿಲ್ಲ. ಅವ್ವ ಕತ್ತು ಚಾಚಿ ಕಪಾಟಿನೊಳಗಿನ ಸಂಚಿಯನ್ನು ನೋಡಿದಳು. ಆಮೇಲೆ ನೆಲದ ಮೇಲೆ ಕುಳಿತು ಚೀಲದ ಜಿಪ್ಪು ಪೂರ್ತಿ ಎಳೆದಳು. ಸೀರೆಗಳನ್ನು ಎದೆಗವಚಿ ಎದ್ದು, ಬಾಗಿಲ ಮರೆ ಬಿಟ್ಟು, ಮೊದಲ ಸಲ ಅಳಿಯನ ಮುಖ ನೋಡಿ ಕೇಳಿದಳು:

"ಅಳಿಯಾರ, ಇವನ್ನ ಎಡಕ್ಕ ಇಡ್ಲೇನ್ರೀ, ಬಲಕ್ಕ ಇಡ್ಲೇನ್ರೀ?"

ಒಂದು ಫೈಲಿಗೆ ಮೂರು ತಿಂಗಳು ಯೋಚಿಸುವ ಮನುಷ್ಯ ಒಂದು ಕ್ಷಣವೂ ತಡೆಯಲಿಲ್ಲ.

"ನಿಮಗ ಎಲ್ಲಿ ಬೇಕೋ ಅಲ್ಲಿಡ್ರಿ, ಅತ್ತಿ."